ಬಿಸಿಲು ಬಿಟ್ಟು ಬಲ್ಬಿಗೆ ಬಿದ್ದವರು

ನಮ್ಮ ಕಡೆ ಈಗೀಗ ಒಂದು ಹೊಸ ಚರ್ಚೆ ಶುರುವಾಗಿದೆ ಮಾರಾಯ್ರೆ. ಕಾಫಿಗೆ ರೇಟೆಷ್ಟು, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತಾ, ಆನೆ ಯಾವ ಕಡೆ ಇಳಿದಿದೆ ಅನ್ನೋ ಮಾತುಗಳ ನಡುವೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು: "ಗಾಂಜಾ ಮನೆಯೊಳಗೆ ಬೆಳೆಯೋದು ಮೇಲಾ, ಹೊರಗೆ ಬೆಳೆಯೋದು ಮೇಲಾ?" ಕೇಳುವವರು ಹೆಚ್ಚಾಗಿ ಬೆಂಗಳೂರಿನಿಂದ ವಾರಾಂತ್ಯಕ್ಕೆ ಘಟ್ಟ ಹತ್ತಿ ಬರುವ ಹುಡುಗರು. ಇಲ್ಲಾ, ಓದು ಮುಗಿಸಿ ತೋಟಕ್ಕೆ ವಾಪಸಾದ ನಮ್ಮದೇ ಮನೆ ಮಕ್ಕಳು. ಮೊಬೈಲು ತೆಗೆದು ಯಾವುದೋ ದೇಶದ ವಿಡಿಯೋ ತೋರಿಸುತ್ತಾರೆ. ನೇರಳೆ ಬೆಳಕು, ಬಿಳಿ ಗೋಡೆ, ಸಾಲಾಗಿ ನಿಂತ ಗಿಡಗಳು... ನೋಡಿದರೆ ಆಪರೇಷನ್ ಥಿಯೇಟರೇ! "ಇದು ಹೈಡ್ರೋ, ಇದೇ ಮುಂದಿನ ಕಾಲ. ಹೊರಗೆ ಬೆಳೆಯೋದೆಲ್ಲ ಲೋಕಲ್ ಸೊಪ್ಪು" ಅಂತ ತೀರ್ಪೂ ಅವರೇ ಕೊಟ್ಟುಬಿಡುತ್ತಾರೆ.

ನನಗೆ ಮೈ ಉರಿಯೋದು ಆ ತೀರ್ಪಿಗೆ. ಅದನ್ನು ಕೇಳಿ ತಲೆ ಆಡಿಸುವ ನಮ್ಮ ತೋಟದ ಜನರನ್ನು ಕಂಡರೆ ಇನ್ನೂ ಹೆಚ್ಚು. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಬಹುದು, ಕಾಫಿ ಕಾಸಿಕೊಂಡು ಬಂದು ಕೂತುಕೊಳ್ಳಿ :-)

ಮೊದಲೇ ಹೇಳಿಬಿಡುತ್ತೇನೆ. ನಾನು ಸೇದುವವನಲ್ಲ, ಸೇದಿ ಎಂದು ಹೇಳುವವನೂ ಅಲ್ಲ. ಬೆಳೆಯೋದು ಹೇಗೆ ಅಂತ ತಿಳಿಯಲು ಇಲ್ಲಿಗೆ ಬಂದಿದ್ದರೆ ದಯವಿಟ್ಟು ಬೇರೆ ಕಡೆ ನೋಡಿ. ನನ್ನ ವಾದ ಇಷ್ಟೇ: ಒಳಗೋ ಹೊರಗೋ ಅನ್ನೋದು ಕೃಷಿಯ ಪ್ರಶ್ನೆಯ ವೇಷ ಹಾಕಿಕೊಂಡು ಬಂದಿದೆ, ಅಸಲಿಗೆ ಅದು ಕೃಷಿಯ ಪ್ರಶ್ನೆಯೇ ಅಲ್ಲ. ಆ ದೀಪ ಹಚ್ಚಿಸಿದ್ದು ಪೊಲೀಸರ ಹೆದರಿಕೆ. ಅದಕ್ಕೆ ಎಣ್ಣೆ ಹೊಯ್ಯುತ್ತಿರೋದು ದುಡ್ಡು. ಅದರ ಬಿಲ್ಲು ಕಟ್ಟುವವರು ಮಾತ್ರ ಬೇರೆ ಯಾರೋ.

ಬೆಳಕಿನ ವಿಷಯದಿಂದಲೇ ಶುರು ಮಾಡೋಣ. ಬೆಳಕು ಅಂದರೆ ಏನು ಅಂತ ಕಾಫಿ ಸೀಮೆಯವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಗಿರಿಯಲ್ಲಿ ಹಾಕಿದರು ಅನ್ನುತ್ತಾರಲ್ಲ, ಅಂದಿನಿಂದ ನಾವು ಮಾಡುತ್ತಾ ಬಂದಿರುವ ಕೆಲಸವೇ ಬಿಸಿಲನ್ನು ಅಳೆದು ಸುರಿಯುವುದು. ಅತ್ತಿ, ಬಸರಿ, ಹಲಸು, ಹಾಲವಾಣ, ಆಮೇಲೆ ಬಂದ ಸಿಲ್ವರ್ ಓಕ್, ಇವೆಲ್ಲ ನಮ್ಮ ತೋಟದ ಚಾವಣಿ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುತ್ತೇವೆ, ಬೇಸಗೆಗೆ ನೆರಳು ಕಾಪಾಡುತ್ತೇವೆ. ನೆರಳು ಜಾಸ್ತಿಯಾದರೆ ಫಸಲಿಲ್ಲ, ಕಪ್ಪು ಕೊಳೆ. ಬಿಸಿಲು ಜಾಸ್ತಿಯಾದರೆ ಅರೇಬಿಕಾಗೆ ಬಿಳಿ ಕಾಂಡಕೊರಕ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾದಾಗಿನಿಂದ ಅಲ್ಲಿನವರು ತಲೆ ಕೆಡಿಸಿಕೊಂಡ ವಿಷಯಗಳಲ್ಲಿ ಈ ನೆರಳೂ ಒಂದು. ಇಷ್ಟೆಲ್ಲದರಲ್ಲಿ ಒಂದು ಮಾತು ಯಾರಿಗೂ ಹೊಳೆಯಲಿಲ್ಲ ನೋಡಿ. "ಸೂರ್ಯನನ್ನು ಪೂರ್ತಿ ಆರಿಸಿ, ಕಾಫಿ ಗಿಡವನ್ನು ಕೋಣೆಯೊಳಗೆ ತಂದು, ಮೆಸ್ಕಾಂ ಕರೆಂಟಿನಲ್ಲಿ ಬೆಳೆಯೋಣ" ಅಂತ ಒಬ್ಬನೂ ಹೇಳಲಿಲ್ಲ. ಹೇಳಿದ್ದರೆ ಗಿರಿಯ ಗಾಳಿ ತಲೆಗೇರಿದೆ ಅಂತ ಮನೆಗೆ ಕಳಿಸುತ್ತಿದ್ದರು.

ಹಾಗಾದರೆ ಗಾಂಜಾ ಗಿಡಕ್ಕೆ ಮಾತ್ರ ಯಾಕೆ ಈ ಕೋಣೆ ವಾಸ? ಅದೇನು ಬಿಸಿಲು ತಾಗಿದರೆ ಬಾಡುವ ಗಿಡವಾ? ಅಲ್ಲವೇ ಅಲ್ಲ. ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಬದಿಯಲ್ಲಿ ಕಳೆಯ ಹಾಗೆ ಏಳುವ ಗಿಡ ಅದು. ಅದನ್ನು ಒಳಗೆ ಓಡಿಸಿದ್ದು ಹೆಲಿಕಾಪ್ಟರು!

ತಮಾಷೆ ಅಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ಒಂದು ದೊಡ್ಡ ಕಾರ್ಯಾಚರಣೆ ಶುರು ಮಾಡಿದರು. ಉತ್ತರದ ಕಾಡುಗುಡ್ಡಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುತ್ತಿ, ಮೇಲಿಂದ ಗಿಡ ಗುರುತಿಸಿ, ಇಳಿದು ಕಿತ್ತು ಹಾಕುವುದು. ವರ್ಷ ವರ್ಷವೂ ಇದೇ ನಡೆದಾಗ ಬೆಳೆಗಾರರು ಏನು ಮಾಡಿದರು? ಮೇಲಿಂದ ಕಾಣದ ಜಾಗ ಹುಡುಕಿದರು. ಗ್ಯಾರೇಜು, ನೆಲಮಾಳಿಗೆ, ಬಾಡಿಗೆ ಮನೆ. 1989ರಲ್ಲಿ ಅಲ್ಲಿನ ಕೇಂದ್ರ ಅಧಿಕಾರಿಗಳು ದೀಪ ಮಾರುವ ಅಂಗಡಿಗಳ ಮೇಲೂ ದಾಳಿ ಮಾಡಿದರು ಅಂದರೆ ಅಷ್ಟರಲ್ಲಿ ಈ ಕೋಣೆ ಕೃಷಿ ಎಷ್ಟು ಬೆಳೆದಿತ್ತು ಅಂತ ಲೆಕ್ಕ ಹಾಕಿ. ಅಂದರೆ ಒಳಗೆ ಬೆಳೆಯುವುದು ಅಡಗಿಕೊಳ್ಳುವ ಉಪಾಯವಾಗಿ ಹಬ್ಬಿತು. ಆಮೇಲೆ ಅದೇ ಅಭ್ಯಾಸಕ್ಕೆ ಬಿಳಿ ಕೋಟು ತೊಡಿಸಿ "ಪ್ರೀಮಿಯಂ" ಅಂತ ಹೆಸರಿಟ್ಟರು. ಕಳ್ಳ ಅಡಗಿದ ಅಟ್ಟವನ್ನೇ ಮನೆಯ ದೇವರಕೋಣೆ ಅಂತ ತೋರಿಸಿದ ಹಾಗೆ.

ಇನ್ನು ಕೆನಡಾದವರು 2018ರಲ್ಲಿ ಕಾನೂನುಬದ್ಧ ಮಾಡಿ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಬೆಳೆದರು, ನಿಜ. ಅಲ್ಲಿ ಎಡ್ಮಂಟನ್‌ನಂಥ ಊರಲ್ಲಿ ಡಿಸೆಂಬರ್ ತಿಂಗಳ ಹಗಲು ಏಳೂವರೆ ಗಂಟೆ, ಹೊರಗೆ ಹಿಮ. ಅವರಿಗೆ ಒಂದು ನೆಪವಾದರೂ ಇದೆ. ನಮ್ಮ ಚಿಕ್ಕಮಗಳೂರು ಇರೋದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕೆ. ಅತಿ ಸಣ್ಣ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ. ಸೂರ್ಯ ಪುಕ್ಕಟೆ ಕೊಡುವುದನ್ನು ಕಿಟಕಿ ಮುಚ್ಚಿ, ಅದೇ ಬೆಳಕನ್ನು ಯೂನಿಟ್ ಲೆಕ್ಕದಲ್ಲಿ ಕೊಳ್ಳುವವನನ್ನು ನಮ್ಮ ಕಡೆ ಏನಂತ ಕರೀತಾರೆ ಅಂತ ನಿಮಗೇ ಗೊತ್ತು.

ಈಗ ಆ ಯೂನಿಟ್ಟಿನ ಲೆಕ್ಕಕ್ಕೆ ಬರೋಣ. ಅಮೆರಿಕದ ಇವಾನ್ ಮಿಲ್ಸ್ ಅನ್ನುವ ಇಂಧನ ತಜ್ಞ 2012ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು 1% ಒಳಾಂಗಣ ಗಾಂಜಾಕ್ಕೇ ಹೋಗುತ್ತಿತ್ತು. 2021ರಲ್ಲಿ ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದವರು ಊರೂರಿನ ಹವಾಮಾನ ಲೆಕ್ಕ ಹಾಕಿ ಮತ್ತೊಂದು ಅಧ್ಯಯನ ಮಾಡಿದರು. ಒಳಗೆ ಬೆಳೆದ ಒಂದು ಕಿಲೋ ಒಣ ಹೂವಿಗೆ 2,283 ಕಿಲೋದಿಂದ 5,184 ಕಿಲೋವರೆಗೆ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ! ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಭಾಗಿಸಿ ನೋಡಿ. ಒಂದು ಕಿಲೋ ಹೂವಿಗೆ ಸಾವಿರದಿಂದ ಎರಡು ಸಾವಿರದ ಇನ್ನೂರು ಲೀಟರ್ ಪೆಟ್ರೋಲು ಸುಟ್ಟ ಹಾಗೆ. ದೀಪಕ್ಕಿಂತಲೂ ಒಳಗಿನ ಗಾಳಿಯನ್ನು ಬಿಸಿ ಮಾಡಿ, ತಣ್ಣಗೆ ಮಾಡಿ, ತೇವ ತೆಗೆಯುವುದಕ್ಕೇ ದೊಡ್ಡ ಪಾಲು ಅಂತ ಅದೇ ಅಧ್ಯಯನ ಹೇಳುತ್ತದೆ. ಜುಲೈ ತಿಂಗಳಲ್ಲಿ ಕಳಸದಲ್ಲಿ ಒಂದು ಕೋಣೆಯ ತೇವ ತೆಗೆಯುವುದನ್ನು ಊಹಿಸಿಕೊಳ್ಳಿ! ನಮ್ಮಲ್ಲಿ ಆ ತಿಂಗಳು ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ.

ಈ ಕರೆಂಟು ಬರೋದೆಲ್ಲಿಂದ? ಒಂದಷ್ಟು ಕಲ್ಲಿದ್ದಲಿನಿಂದ, ಒಂದಷ್ಟು ನಮ್ಮದೇ ಘಟ್ಟದಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಅದೇ ಕಣಿವೆಯಲ್ಲಿ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತ ಮತ್ತೊಂದು ಸುತ್ತಿನ ಜಗಳ ನಡೆದಿದೆ. ಬೆಂಗಳೂರಿಗೆ ದೀಪ ಬೇಕು ಅಂತ ಕಾಡು ಕೊಟ್ಟವರು ನಾವು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕತ್ತಲಲ್ಲಿ ಕೂರುವವರೂ ನಾವೇ. ಆ ಕರೆಂಟಿನಿಂದ ಯಾರೋ ಬಾಗಿಲು ಹಾಕಿಕೊಂಡು ಕೃತಕ ಸೂರ್ಯ ಮಾಡಿ, ಅದರಡಿ ನಾಲ್ಕು ಗಿಡ ಬೆಳೆದು, "ಇದು ಶುದ್ಧ, ಇದು ಸಾವಯವ" ಅಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ.

"ಆದರೆ ಗುಣಮಟ್ಟ?" ಅನ್ನುತ್ತಾರೆ ಹುಡುಗರು. ಗುಣಮಟ್ಟ ಅಂದರೆ ಇವರ ಭಾಷೆಯಲ್ಲಿ ಅಮಲು, ಅಷ್ಟೇ. ಟಿಎಚ್‌ಸಿ ಎಷ್ಟು ಶೇಕಡಾ ಅನ್ನೋದೇ ಅಂಕಪಟ್ಟಿ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದ ಮಾದರಿಗಳನ್ನು ವರ್ಷ ವರ್ಷ ಪರೀಕ್ಷೆ ಮಾಡುತ್ತಾರೆ. 1995ರಲ್ಲಿ ಸರಾಸರಿ ಸುಮಾರು 4% ಇದ್ದ ಟಿಎಚ್‌ಸಿ 2014ರ ಹೊತ್ತಿಗೆ ಸುಮಾರು 12% ಆಗಿತ್ತು. ಮೂರು ಪಟ್ಟು! ಸಾರಾಯಿ ಹೋಲಿಕೆ ಕೊಡುವುದಾದರೆ ಹೆಂಡ ಕುಡಿಯುತ್ತಿದ್ದವನ ಕೈಗೆ ಬ್ರಾಂದಿ ಕೊಟ್ಟು, ಲೋಟ ಮಾತ್ರ ಅದೇ ಅಳತೆಯದು ಇಟ್ಟ ಹಾಗೆ. ಹದಿಹರೆಯದಲ್ಲಿ ದಿನಾ ಇಂಥ ತೀಕ್ಷ್ಣ ಸರಕು ಸೇದುವವರಿಗೆ ಮನೋವಿಕಾರದ ಅಪಾಯ ಜಾಸ್ತಿ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ಅದನ್ನು "ಹೆಚ್ಚಿನ ಗುಣಮಟ್ಟ" ಅಂತ ಕರೆಯೋದು ಮಾರುವವನ ಭಾಷೆ. ಬೆಳೆಗಾರ ಹಾಗೆ ಮಾತಾಡಬಾರದು.

ಸರಿ, ಹಾಗಾದರೆ "ಹೊರಗೆ ಬೆಳೆಯಿರಿ" ಅಂತಿದ್ದೀಯಾ ಅಂತ ಕೇಳುತ್ತೀರಿ. ಇಲ್ಲ ಸ್ವಾಮಿ. ಇಲ್ಲಿಂದ ಮುಂದೆ ನಾನು ಹೇಳಬೇಕಾದ ಮುಖ್ಯ ಮಾತು.

1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಗೆ ಒಳಗೂ ಗೊತ್ತಿಲ್ಲ, ಹೊರಗೂ ಗೊತ್ತಿಲ್ಲ. ಅನುಮತಿ ಇಲ್ಲದೆ ಗಿಡ ಬೆಳೆದರೆ ಕಲಂ 20ರ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಒಂದೇ ಗಿಡವಾದರೂ ಅದೇ ಕಲಂ, ಸಾವಿರ ಗಿಡವಾದರೂ ಅದೇ ಕಲಂ. ಚಾವಣಿ ಇದೆಯೋ ಇಲ್ಲವೋ ಯಾರೂ ಕೇಳೋದಿಲ್ಲ. ಪುಸ್ತಕದಲ್ಲಿ ಇಬ್ಬರೂ ಸಮಾನರು.

ಆದರೆ ತಕ್ಕಡಿಯಲ್ಲಿ ಸಮಾನರಲ್ಲ! ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಗಾಂಜಾ ಇಟ್ಟುಕೊಂಡವನಿಗೆ ಶಿಕ್ಷೆ ನಿಂತಿರೋದು ತೂಕದ ಮೇಲೆ. ಒಂದು ಕಿಲೋವರೆಗೆ "ಸಣ್ಣ ಪ್ರಮಾಣ". 20 ಕಿಲೋ ದಾಟಿದರೆ "ವಾಣಿಜ್ಯ ಪ್ರಮಾಣ", ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ. ಜೊತೆಗೆ ಕಲಂ 37 ಅಡ್ಡ ಬಂದು ಜಾಮೀನು ಸಿಗೋದೇ ದುಸ್ತರ. ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿ ಗಾಂಜಾ ಅಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಆದರೆ ಹೊಲದ ಬದುವಿನಲ್ಲಿ ಗಿಡ ಸಿಕ್ಕಾಗ ಆಗೋದೇನು? ಬೇರು, ಮಣ್ಣು, ಕಾಂಡ, ಹಸಿ ಎಲೆ ಎಲ್ಲ ಸೇರಿಸಿ ಕಿತ್ತು ತೂಗಿದ ಪ್ರಕರಣಗಳು ಎಷ್ಟೋ. "ಬರೀ ತುದಿಯ ತೂಕ ಎಷ್ಟಿತ್ತು?" ಅಂತ ಬೇರೆ ಬೇರೆ ಹೈಕೋರ್ಟುಗಳು ಜಾಮೀನಿನ ಹಂತದಲ್ಲಿ ಕೇಳಬೇಕಾಗಿ ಬಂದಿದೆ. ಅಷ್ಟರಲ್ಲಿ ಒಳಗಿದ್ದವನ ಎಷ್ಟು ತಿಂಗಳು ಹೋಯಿತು? ಅವನ ಶುಂಠಿ ಕಿತ್ತವರು ಯಾರು, ಅವನ ಮಗುವಿನ ಫೀಸು ಕಟ್ಟಿದವರು ಯಾರು?

ಈಗ ಇನ್ನೊಂದು ತಕ್ಕಡಿ. 2021ರಲ್ಲಿ ಬಿಡದಿಯ ಒಂದು ವಿಲ್ಲಾದಲ್ಲಿ ವಿದೇಶಿಯರೂ ಸೇರಿದಂತೆ ನಾಲ್ವರು ಹೈಡ್ರೋಪೋನಿಕ್ ಗಾಂಜಾ ಬೆಳೆಯುತ್ತಿದ್ದುದನ್ನು ಬೆಂಗಳೂರಿನ ಸಿಸಿಬಿ ಹಿಡಿಯಿತು. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ದೀಪ, ಫ್ಯಾನು ಜೋಡಿಸಿ ಬೆಳೆಯುತ್ತಿದ್ದುದು ಸಿಕ್ಕಿತು. 2024ರಲ್ಲಿ ಕೊಡಗಿನಲ್ಲಿ ಥಾಯ್ಲೆಂಡಿನಿಂದ ಬಂದ ಮೂರು ಕಿಲೋಗೂ ಮಿಕ್ಕಿದ ಹೈಡ್ರೋ ಸಿಕ್ಕಿತು. ಪೊಲೀಸರು ಇದಕ್ಕೆ ಹೇಳುವ ಬೆಲೆ ಕೋಟಿ ಲೆಕ್ಕದಲ್ಲಿ. ಆದರೆ ತೂಕದಲ್ಲಿ ಮೂರು ಕಿಲೋ "ವಾಣಿಜ್ಯ ಪ್ರಮಾಣ" ಅಲ್ಲ! ಬೆಲೆಯಲ್ಲಿ ಕೋಟಿ, ಕಾನೂನಿನಲ್ಲಿ ಮಧ್ಯಮ. ಅತ್ತ ಮಣ್ಣು ಮೆತ್ತಿದ ಇಪ್ಪತ್ತೊಂದು ಕಿಲೋ ಹಸಿ ಗಿಡ ಬೆಲೆಯಲ್ಲಿ ಕಾಸು, ಕಾನೂನಿನಲ್ಲಿ ಮಹಾ ವ್ಯಾಪಾರಿ. ಒಳಗೆ ಬೆಳೆಯುವವನ ನಿಜವಾದ ಲಾಭ ಇದೇ. ಅವನ ಸರಕು ಹಗುರ, ಒಣ, ದುಬಾರಿ. ಕಾಯ್ದೆಯ ತಕ್ಕಡಿ ಬಡವನ ಹಸಿ ಗಿಡಕ್ಕೆ ಮಾತ್ರ ತೂಗುತ್ತದೆ. ಅದಕ್ಕೇ ನಾನು ಹೇಳಿದ್ದು, ಇದು ಕೃಷಿಯ ಪ್ರಶ್ನೆ ಅಲ್ಲ ಅಂತ. ಒಳಗೆ ಅನ್ನೋದು ದುಡ್ಡಿದ್ದವನ ವಿಳಾಸ, ಹೊರಗೆ ಅನ್ನೋದು ಇಲ್ಲದವನ ವಿಳಾಸ.

(ಒಳಗೆ ಸಿಕ್ಕಿಬಿದ್ದವರನ್ನು ಇನ್ನೂ ಜೋರಾಗಿ ಬಡಿಯಿರಿ ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದ ಹುಡುಗನ ಬದುಕು ಹಾಳಾಗೋದನ್ನು ನೋಡಿ ನನಗೇನೂ ಖುಷಿಯಿಲ್ಲ. ತಕ್ಕಡಿ ಸರಿಮಾಡಿ ಅಂತಷ್ಟೇ.)

ತೋಟ ಇಟ್ಟುಕೊಂಡಿರುವ ನನ್ನಂಥವರಿಗೆ ಇನ್ನೊಂದು ಎಚ್ಚರಿಕೆ. ಕಾಯ್ದೆಯ ಕಲಂ 46 ಓದಿದ್ದೀರಾ? ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಗಿಡ ಇದೆ ಅಂತ ಗೊತ್ತಿದ್ದೂ ತಿಳಿಸದ ಜಮೀನುದಾರನೂ ಅಪರಾಧಿ. ಮೂಡಿಗೆರೆ, ಕಳಸದ ಕಡೆ ತೋಟ ಅಂದರೆ ಗುಡ್ಡ, ಹಳ್ಳ, ಕಾನು ಸೇರಿ ಹಬ್ಬಿದ್ದು. ಲೈನು ಮನೆಯಲ್ಲಿ ಇರೋರು ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು. ಯಾವುದೋ ಮೂಲೆಯಲ್ಲಿ ಯಾರೋ ಹುಡುಗ ತಂದು ನೆಟ್ಟ ಗಿಡಕ್ಕೆ ಮೊದಲು ಸಿಗೋದು ಲೈನಿನ ಕೂಲಿ, ಆಮೇಲೆ ರೈಟರು, ಆಮೇಲೆ ಸಾಹುಕಾರ. ನೆಡಲು ಹೇಳಿ ದುಡ್ಡು ಕೊಟ್ಟವನು ಅಷ್ಟರಲ್ಲಿ ಚಾರ್ಮಾಡಿ ಇಳಿದು ಹೋಗಿರುತ್ತಾನೆ. "ಒಂದೆರಡು ಗಿಡ ಅಲ್ವಾ" ಅಂತ ನಗುವ ತೋಟದ ಮಕ್ಕಳು ಇದನ್ನು ಒಂದು ಸಲ ಯೋಚನೆ ಮಾಡಲಿ. ನಿಮ್ಮ ಶೋಕಿಗೆ ಜೈಲಿಗೆ ಹೋಗೋದು ನಿಮ್ಮ ಮನೆ ಕೆಲಸದವನು.

ಕಾಫಿ ಬೆಟ್ಟದ ಮೇಲೆ ಗಾಂಜಾ ಏನು ಮಾಡುತ್ತದೆ ಅಂತ ನೋಡಲು ಆಂಧ್ರದ ಪಾಡೇರು ಕಡೆ ನೋಡಿ. ಅದೂ ನಮ್ಮ ಹಾಗೇ ಕಾಫಿ, ಮೆಣಸು ಬೆಳೆಯುವ ಬೆಟ್ಟ, ಅರಕು ಕಾಫಿಯ ಊರು. ಅಲ್ಲಿನ ಆದಿವಾಸಿ ರೈತರಿಗೆ ಹೊರಗಿನ ವ್ಯಾಪಾರಿಗಳು ಬೀಜ, ಮುಂಗಡ ಕೊಟ್ಟು ಬಯಲಲ್ಲೇ ಗಾಂಜಾ ಬೆಳೆಸಿದರು. 2021ರಲ್ಲಿ ಪೊಲೀಸರು "ಪರಿವರ್ತನ" ಅಂತ ಕಾರ್ಯಾಚರಣೆ ಮಾಡಿ ಸಾವಿರಾರು ಎಕರೆ ಬೆಳೆ ಕಡಿದು ಹಾಕಿದರು. ಆಮೇಲೆ ಪರ್ಯಾಯ ಅಂತ ಆ ರೈತರ ಕೈಗೆ ಕೊಟ್ಟ ಬೆಳೆಗಳಲ್ಲಿ ಒಂದು ಯಾವುದು ಗೊತ್ತಾ? ಕಾಫಿ! ಅಲ್ಲಿಯವರು ಗಾಂಜಾದಿಂದ ಕಾಫಿಗೆ ಬರುತ್ತಿರುವಾಗ ನಾವು ಕಾಫಿಯಿಂದ ಗಾಂಜಾದ ಕಡೆ ಆಸೆಗಣ್ಣು ಬಿಡುತ್ತಿದ್ದೇವೆ. ಅದೂ 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದನ್ನು ಕಂಡ ಮೇಲೆ.

ಇನ್ನು ಎದುರಾಳಿಗಳ ಗಟ್ಟಿ ವಾದಕ್ಕೆ ಬರೋಣ. "ಔಷಧಿಗೆ ಬೇಕಾದರೆ ಪ್ರತಿ ಗಿಡವೂ ಒಂದೇ ಥರ ಇರಬೇಕು, ಅದು ಕೋಣೆಯೊಳಗೆ ಮಾತ್ರ ಸಾಧ್ಯ" ಅನ್ನುತ್ತಾರೆ. ಒಪ್ಪಬಹುದಾದ ಮಾತು, ಅರ್ಧ. ಔಷಧಿಯಲ್ಲಿ ಅಳತೆ ಮುಖ್ಯ. ಆದರೆ ಔಷಧಿಯ ಅಳತೆ ಕೂಡಿಸೋದು ಗಿಡ ಕಿತ್ತಮೇಲೆ, ಪ್ರಯೋಗಾಲಯದಲ್ಲಿ. ಅಫೀಮನ್ನೇ ನೋಡಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಬಯಲು ಹೊಲದಲ್ಲೇ ಬೆಳೆಯುತ್ತಾರೆ. ನೀಮುಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅದು ಔಷಧಿಯ ಕಚ್ಚಾವಸ್ತುವಾಗುತ್ತದೆ. ಅಫೀಮಿಗೆ ಬಿಸಿಲು ಸಾಕು, ಗಾಂಜಾಕ್ಕೆ ಸಾಲದೇ? ಜಮ್ಮುವಿನಲ್ಲಿ ಕೇಂದ್ರ ಸರ್ಕಾರದ ಸಮಗ್ರ ಔಷಧ ಸಂಸ್ಥೆಯವರು ಗಾಂಜಾದ ಔಷಧೀಯ ಸಂಶೋಧನೆ ಮಾಡುತ್ತಿರುವುದೂ ಬೇಲಿ ಹಾಕಿದ ಕಾವಲಿನ ಜಮೀನಿನಲ್ಲೇ. ಬೇಕಿದ್ದರೆ ಗಾಜಿನ ಚಾವಣಿ ಹಾಕಿ, ಬೇಡ ಅಂದವರಾರು? ಸೂರ್ಯನನ್ನು ಮಾತ್ರ ಹೊರಗೆ ಹಾಕಬೇಡಿ.

"ಒಳಗಿದ್ದರೆ ಕಳ್ಳತನ ಇಲ್ಲ, ಲೆಕ್ಕ ಸರಿ ಇರುತ್ತದೆ" ಅನ್ನೋದು ಇನ್ನೊಂದು. ಲೆಕ್ಕ ಯಾರದು? ಕೋಟಿಗಟ್ಟಲೆ ಬಂಡವಾಳ ಹಾಕಿ ಗೋದಾಮು ಕಟ್ಟಬಲ್ಲವನದು. ಒಳಾಂಗಣವೇ ನಿಯಮ ಅಂತಾದರೆ ಎರಡೆಕರೆ ರೈತ ಮೊದಲ ದಿನವೇ ಆಟದಿಂದ ಹೊರಗೆ. ನಾಳೆ ಕಾನೂನು ಬದಲಾದರೂ ಲಾಭ ಹೋಗೋದು ಯಾರಿಗೆ ಅಂತ ಇವತ್ತೇ ಬರೆದಿಟ್ಟ ಹಾಗೆ. ನಲವತ್ತು ವರ್ಷ ಬದುವಿನ ಗಿಡಕ್ಕೆ ಜೈಲು ಕಂಡವನು ಬಡವ, ಕೊನೆಗೆ ಲೈಸೆನ್ಸ್ ತೆಗೆದುಕೊಳ್ಳುವವನು ಕಂಪನಿಯವನು. ಎಂಥ ನ್ಯಾಯ ಅಲ್ವಾ?

ಕಾನೂನು ಬದಲಾಗೋದೇ ಇಲ್ಲ ಅಂತೇನೂ ಅಲ್ಲ. ಇದೇ ಕಾಯ್ದೆಯ ಕಲಂ 14ರಲ್ಲಿ ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತ ಮೊದಲಿಂದಲೂ ಇದೆ. 2018ರಲ್ಲಿ ಉತ್ತರಾಖಂಡ ಆ ಬಾಗಿಲು ತೆರೆಯಿತು, ಟಿಎಚ್‌ಸಿ 0.3% ಮೀರಬಾರದು ಅನ್ನುವ ಷರತ್ತಿನ ಮೇಲೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇದರ ಬೀಜ, ಬೀಜದ ಎಣ್ಣೆಯನ್ನು ಆಹಾರ ಅಂತ ಒಪ್ಪಿತು. 2022ರಲ್ಲಿ ನಮ್ಮ ಹೈಕೋರ್ಟು ಒಂದು ಜಾಮೀನು ಆದೇಶದಲ್ಲಿ ಭಂಗಿ ಬೇರೆ, ಗಾಂಜಾ ಬೇರೆ ಅನ್ನುವ ಹಳೇ ವ್ಯತ್ಯಾಸವನ್ನು ನೆನಪಿಸಿತು. 2025ರ ಜನವರಿಯಲ್ಲಿ ಹಿಮಾಚಲದ ಸಂಪುಟ ನಿಯಂತ್ರಿತ ಸಾಗುವಳಿಯ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿತು. ಹಾಗೇ ಥಾಯ್ಲೆಂಡನ್ನೂ ನೋಡಿ. 2022ರ ಜೂನ್‌ನಲ್ಲಿ ಪೂರ್ತಿ ಬಿಟ್ಟುಬಿಟ್ಟರು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿದರು. ಮೂರೇ ವರ್ಷ! ಆ ಮೂರು ವರ್ಷದಲ್ಲಿ ಸಾಲ ಮಾಡಿ ದೀಪ, ಏಸಿ ಹಾಕಿಸಿದವರ ಗತಿ ಏನಾಗಿರಬಹುದು?

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗಬೇಕು. ನಾವು ವೆನಿಲಾ ಕಂಡವರು. 2003ರ ಸುಮಾರಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ದಾಟಿದಾಗ ರಾತ್ರಿಯೆಲ್ಲ ಟಾರ್ಚು, ಕೋವಿ ಹಿಡಿದು ಬಳ್ಳಿ ಕಾದವರು. ಎರಡು ಮೂರು ವರ್ಷದಲ್ಲಿ ಅದೇ ಕೋಡನ್ನು ನೂರು ರೂಪಾಯಿಗೂ ಕೇಳುವವರಿಲ್ಲದೆ ಬಳ್ಳಿ ಕಿತ್ತು ತಿಪ್ಪೆಗೆ ಹಾಕಿದವರು. ಸಸಿ ಮಾರಿದವನು ಮಾತ್ರ ಚೆನ್ನಾಗಿದ್ದ. ಈಗ ಸಸಿಯ ಜಾಗದಲ್ಲಿ ಎಲ್‌ಇಡಿ ಬಂದಿದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಹಿ ಮಾತು ನಮ್ಮವರಿಗೇ. "ಮಲೆನಾಡು ಈ ಬೆಳೆಗೆ ಹೇಳಿ ಮಾಡಿಸಿದ ಜಾಗ" ಅಂತ ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ಕೊಟ್ಟಿಗೆಹಾರದ ಮಳೆಯಲ್ಲಿ ಅಡಿಕೆಗೆ ಕೊಳೆ, ಕಾಫಿಗೆ ಕೊಳೆ, ಮೆಣಸಿಗೆ ಸೊರಗು. ಇಲ್ಲಿ ಮತ್ತೊಂದು ಸೂಕ್ಷ್ಮ ಹೂವಿನ ಬೆಳೆ ಬೇಕಿತ್ತಾ? ನಾಳೆ ನಾರಿನ ಬೆಳೆಗೆ ಕರ್ನಾಟಕದಲ್ಲಿ ಅನುಮತಿ ಬಂದರೆ ಅದು ಹೋಗಬೇಕಾದ್ದು ನಮ್ಮದೇ ಜಿಲ್ಲೆಯ ಕಡೂರು, ತರೀಕೆರೆಯ ಬಯಲಿಗೆ, ಮಳೆ ನಂಬಿ ಕೂತ ರೈತನಿಗೆ. ಕಾಫಿ ತೋಟದ ಮರ ಕಡಿದು ಅಲ್ಲಿಗೆ ಈ ಬೆಳೆ ಬಂದರೆ, ಇಲ್ಲಾ ಪಲ್ಪರ್ ಹೌಸಿನೊಳಗೆ ದೀಪ ಹಚ್ಚಿದರೆ, ಮಲೆನಾಡು ಕಳೆದುಕೊಳ್ಳೋದು ಬರೀ ಮರ ಅಲ್ಲ.

ಕೊನೆಗೆ ನನ್ನ ಬೇಡಿಕೆ ಮೂರೇ. ಒಂದು, ತೂಕದ ಲೆಕ್ಕ ಸರಿಯಾಗಲಿ. ಬೇರು, ಮಣ್ಣು, ಕಾಂಡ ಬಿಟ್ಟು ಕಾಯ್ದೆ ಯಾವುದನ್ನು ಗಾಂಜಾ ಅನ್ನುತ್ತದೋ ಅದನ್ನಷ್ಟೇ ತೂಗಲಿ, ಗಿಡ ಕಿತ್ತ ದಿನವೇ, ಮಹಜರಿನಲ್ಲೇ. ಎರಡು, ಮುಂದೆ ಯಾವ ಲೈಸೆನ್ಸ್ ಬಂದರೂ ಬಯಲು ಬಿಸಿಲಿನ ಸಾಗುವಳಿಗೆ, ಸಣ್ಣ ಹಿಡುವಳಿಗೆ ಮೊದಲ ಪಾಲು. ವಿದ್ಯುತ್ ದೀಪದಡಿ ಬೆಳೆಯುವುದಕ್ಕೆ ಲೈಸೆನ್ಸೇ ಬೇಡ. ಮೂರು, ಅಲ್ಲಿವರೆಗೆ ನಮ್ಮ ತೋಟದಲ್ಲಿ ಒಳಗೂ ಬೇಡ, ಹೊರಗೂ ಬೇಡ. ಕಾನೂನಿಗೆ ಹೆದರಿ ಅಂತ ಹೇಳುತ್ತಿಲ್ಲ. ಆ ಕಾನೂನಿನ ಪೆಟ್ಟು ಬೀಳೋದು ಯಾರ ಬೆನ್ನಿಗೆ ಅಂತ ಗೊತ್ತಿರೋದರಿಂದ ಹೇಳುತ್ತಿದ್ದೇನೆ.

ಹೈಡ್ರೋ ಭಕ್ತರು ಖಂಡಿತ ಜಗಳಕ್ಕೆ ಬರುತ್ತೀರಿ, ಬನ್ನಿ. ಬೈಯುವುದಾದರೆ ಅಂಕಿ ಅಂಶ ಇಟ್ಟುಕೊಂಡು ಬೈಯಿರಿ. ನಿಮ್ಮಲ್ಲಿ ವಕೀಲರಿದ್ದರೆ ತೂಕದ ವಿಷಯದಲ್ಲಿ ನಿಮ್ಮ ಅನುಭವ ಏನು ಅಂತ ಬರೆಯಿರಿ, ಅದು ನನ್ನ ಈ ಕೂಗಾಟಕ್ಕಿಂತ ಹೆಚ್ಚು ಜನರಿಗೆ ಉಪಯೋಗ. ಬಯಲುಸೀಮೆಯ ಗೆಳೆಯರೆ, ನಾರಿನ ಬೆಳೆ ನಿಮ್ಮ ಕಡೆಗೆ ಬಂದರೆ ಬೇಕು ಅನ್ನುತ್ತೀರಾ, ಬೇಡ ಅನ್ನುತ್ತೀರಾ?